ಸೈಕಲ್ ರಿಮ್: ರಚನೆ, ಬಲ ಮತ್ತು ಬಾಳಿಕೆ

ಸೈಕಲ್ ಚಕ್ರದ ಹೊರಸುತ್ತಿನಲ್ಲಿರುವ ಲೋಹದ ಬಳೆಗೆ ರಿಮ್ ಎಂದು ಹೆಸರು. ಒಳಮುಖದಲ್ಲಿ ಅದು ಕಡ್ಡಿಗಳ ಎಳೆತವನ್ನು ತಾಳಿಕೊಳ್ಳುತ್ತದೆ, ಹೊರಮುಖದಲ್ಲಿ ಟೈರು ಟ್ಯೂಬುಗಳನ್ನು ಕೂರಿಸಿಕೊಳ್ಳುತ್ತದೆ. ಬಹುಪಾಲು ಸೈಕಲ್‌ಗಳಲ್ಲಿ ಬ್ರೇಕಿನ ಉಜ್ಜುವಿಕೆಯನ್ನು ಸಹಿಸುವುದೂ ಅದೇ. ರಿಮ್‌ನ ಬಲವನ್ನು ನಿರ್ಧರಿಸುವ ಸಂಗತಿಗಳು ನಾಲ್ಕು: ಅಡ್ಡಕೊಯ್ತದ ಆಕಾರ, ಲೋಹ, ಬೆಸುಗೆ, ಮತ್ತು ಕಡ್ಡಿಗಳನ್ನು ಎಷ್ಟು ಸಮನಾಗಿ ಬಿಗಿದಿದ್ದಾರೆ ಎಂಬುದು. ಇವುಗಳಲ್ಲಿ ಕೊಳ್ಳುವವರ ಕಣ್ಣಿಗೆ ಬೀಳುವುದು ಲೋಹ ಮತ್ತು ಅದರ ಹೊಳಪು ಮಾತ್ರ. ಚಕ್ರ ಉಳಿಯುವುದು ಅಳಿಯುವುದು ಹೆಚ್ಚಾಗಿ ಮಿಕ್ಕ ಮೂರರ ಮೇಲೆ.

ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ, ಪಕ್ಕದ ತಲಕಾಡು, ಆಚೆಗಿನ ನಂಜನಗೂಡು ಸೀಮೆ ರಿಮ್‌ನ ಗುಣದೋಷ ನೋಡಲು ಒಳ್ಳೆಯ ಜಾಗ. ಕಾವೇರಿ ಮತ್ತು ಕಪಿಲೆಯ ನೀರುಣ್ಣುವ ಈ ಬಯಲಿನಲ್ಲಿ ಭತ್ತ, ಕಬ್ಬು, ಹಿಪ್ಪುನೇರಳೆ ಬೆಳೆಯುತ್ತವೆ. ಮಾಧವಮಂತ್ರಿ ನಾಲೆಯ ಏರಿ, ಗದ್ದೆಯ ಕೆಸರು, ನದಿಯಂಚಿನ ಮರಳು, ಊರೊಳಗಿನ ಕಾಂಕ್ರೀಟು, ಹೆದ್ದಾರಿಯ ಹಂಪು ಇವೆಲ್ಲವನ್ನೂ ಒಂದೇ ಸೈಕಲ್ ಒಂದೇ ದಿನದಲ್ಲಿ ಕಾಣುತ್ತದೆ. ಹಿಂದಿನ ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು, ಮೇವಿನ ಹೊರೆ, ಎಳನೀರಿನ ಗೊನೆ, ಗೊಬ್ಬರದ ಚೀಲ. ಹೊರೆ, ನೀರು, ಏಟು ಮೂರೂ ಒಟ್ಟಿಗೆ ಬೀಳುವ ಇಂಥ ಕಡೆ ರಿಮ್‌ನ ದೋಷ ಬಹಳ ದಿನ ಮರೆಯಾಗಿರದು.

ಚಕ್ರ ಹೊರೆ ಹೊರುವ ಬಗೆ

ಎತ್ತಿನ ಗಾಡಿಯ ಚಕ್ರ ಮತ್ತು ಸೈಕಲ್ ಚಕ್ರ ನೋಟಕ್ಕೆ ನೆಂಟರಾದರೂ ಕೆಲಸದಲ್ಲಿ ತದ್ವಿರುದ್ಧ. ಗಾಡಿಯ ಭಾರ ಗುಂಭದಿಂದ ಕೆಳಗಿನ ಆರೆಕಾಲುಗಳ ಮೇಲೆ ಕೂರುತ್ತದೆ. ಮರದ ಆ ಕಾಲು ದಪ್ಪವಾಗಿರುವುದರಿಂದ ಒತ್ತಡವನ್ನು ತಾಳುತ್ತದೆ. ಸೈಕಲ್ ಕಡ್ಡಿಯೋ ಸುಮಾರು 2 ಮಿ.ಮೀ. ದಪ್ಪದ ತಂತಿ. ಮೇಲಿಂದ ಒತ್ತಿದರೆ ಬಾಗಿಬಿಡುತ್ತದೆ, ಎಳೆದರೆ ಮಾತ್ರ ಜಗ್ಗದು. ಆದ್ದರಿಂದ ಚಕ್ರ ಕಟ್ಟುವಾಗಲೇ ಎಲ್ಲ ಕಡ್ಡಿಗಳನ್ನೂ ಬಿಗಿದು ಎಳೆತದಲ್ಲಿ ಇಡುತ್ತಾರೆ. ಹೊರೆ ಬಿದ್ದಾಗ ನೆಲದ ಕಡೆಗಿರುವ ನಾಲ್ಕಾರು ಕಡ್ಡಿಗಳ ಎಳೆತ ಕಡಿಮೆಯಾಗುತ್ತದೆ. ಮಿಕ್ಕವುಗಳಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಮೊದಲೇ ತುಂಬಿಟ್ಟ ಬಿಗಿಯಲ್ಲಿ ಒಂದಿಷ್ಟನ್ನು ಕಳೆದುಕೊಳ್ಳುವ ಮೂಲಕವೇ ಕೆಳಗಿನ ಕಡ್ಡಿಗಳು ಭಾರವನ್ನು ಆನುತ್ತವೆ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟಿಸಿದ ಚಕ್ರ ಕುರಿತ ಪುಸ್ತಕ ಈ ವಿಚಾರವನ್ನು ಲೆಕ್ಕಾಚಾರ ಸಮೇತ ಸಾಧಿಸಿತು. ತಂತಿ ಕಡ್ಡಿಯ ಚಕ್ರವಾದರೂ ಅದಕ್ಕಿಂತ ನೂರು ವರ್ಷ ಹಳೆಯದು. ಪ್ಯಾರಿಸ್‌ನ ಯೂಜೀನ್ ಮೇಯರ್ 1869ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಕಡ್ಡಿಗಳನ್ನು ಚಕ್ರದ ನಡುವಿನ ಹಬ್ಬಿಗೆ ಓರೆಯಾಗಿ, ಒಂದರ ಮೇಲೊಂದು ಹಾಯುವಂತೆ ಹೆಣೆಯುವ ಕ್ರಮವನ್ನು ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ತಂದ.

ಕಡ್ಡಿಗಳೆಲ್ಲ ಒಳಕ್ಕೆ ಎಳೆಯುತ್ತಿದ್ದರೆ ರಿಮ್ ಸುತ್ತಲೂ ಹಿಂಡಿಸಿಕೊಳ್ಳುತ್ತಿರುತ್ತದೆ. ಅದರ ಲೆಕ್ಕ ಸುಲಭ: ಕಡ್ಡಿಗಳ ಸಂಖ್ಯೆಯನ್ನು ಒಂದೊಂದು ಕಡ್ಡಿಯ ಎಳೆತದಿಂದ ಗುಣಿಸಿ, ಪೈಯ ಎರಡರಷ್ಟರಿಂದ ಭಾಗಿಸಬೇಕು. 40 ಕಡ್ಡಿಯ ಹಿಂದಿನ ಚಕ್ರದಲ್ಲಿ ಒಂದೊಂದಕ್ಕೆ 80 ಕೆ.ಜಿ. ಎಳೆತವಿದ್ದರೆ ರಿಮ್‌ನ ಯಾವುದೇ ಜಾಗದಲ್ಲಿ ಕೊಯ್ದು ನೋಡಿದರೂ ಅಲ್ಲಿ ಸುಮಾರು 500 ಕೆ.ಜಿ. ಒತ್ತಡವಿರುತ್ತದೆ. ಗೋಡೆಗೆ ಒರಗಿಸಿಟ್ಟ ಖಾಲಿ ಸೈಕಲ್‌ನಲ್ಲೂ ಇದು ಹಗಲಿರುಳು ಇದ್ದೇ ಇರುತ್ತದೆ. ಇಷ್ಟು ಹಿಂಡಿಸಿಕೊಂಡ ತೆಳು ಬಳೆ ಪಕ್ಕಕ್ಕೆ ಮಡಚಿಕೊಳ್ಳಲು ಸದಾ ಹವಣಿಸುತ್ತದೆ. ಬಿಗಿ ಅತಿಯಾದರೆ, ಅಥವಾ ಹೊರೆ ಹೇರಿದ ಸೈಕಲ್ ಗುಂಡಿಯಲ್ಲಿ ಅಡ್ಡಕ್ಕೆ ವಾಲಿದರೆ, ಚಕ್ರ ಒಂದೇ ಕ್ಷಣದಲ್ಲಿ ಎರಡು ಕಡೆ ಎಡಕ್ಕೂ ಎರಡು ಕಡೆ ಬಲಕ್ಕೂ ತಿರುಚಿಕೊಳ್ಳುವುದು ಇದರಿಂದಲೇ. ಹಾಗಾದ ಚಕ್ರ ಫೋರ್ಕಿನ ನಡುವೆ ತಿರುಗುವುದೇ ಇಲ್ಲ.

ರಿಮ್ ಮೇಲಿಂದ ಬೀಳುವ ಭಾರಕ್ಕೆ ಸೋಲುವುದು ಅಪರೂಪ, ಪಕ್ಕದ ತಳ್ಳುವಿಕೆಗೆ ಮತ್ತು ತಿರುಚಿಗೆ ಸೋಲುವುದೇ ಹೆಚ್ಚು. ಆಕಾರದ ಪ್ರಶ್ನೆ ಮುಖ್ಯವಾಗುವುದು ಇದಕ್ಕಾಗಿ.

ಅಡ್ಡಕೊಯ್ತ

ಒಂದು ಮಿ.ಮೀ. ದಪ್ಪದ ಗೋಡೆಯುಳ್ಳ, 20 ಮಿ.ಮೀ. ಅಡ್ಡಳತೆಯ ಕೊಳವೆಯನ್ನು ತಿರುಚಿ ನೋಡಿ. ಅದೇ ಕೊಳವೆಯನ್ನು ಉದ್ದಕ್ಕೂ ಒಂದು ಗೆರೆ ಸೀಳಿ ಮತ್ತೆ ತಿರುಚಿ. ತೂಕದಲ್ಲಿ ವ್ಯತ್ಯಾಸವಿಲ್ಲ, ಲೋಹವೂ ಅದೇ. ಆದರೆ ತಿರುಚನ್ನು ತಡೆಯುವ ಶಕ್ತಿ ಸುಮಾರು 300ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ರಿಮ್‌ಗಳ ಚರಿತ್ರೆಯೆಲ್ಲ ಈ ಒಂದು ಸತ್ಯದ ಸುತ್ತ ತಿರುಗಿದೆ ಎಂದರೂ ಸರಿ. ತೆರೆದ ದೋಣಿಯಾಕಾರದ ರಿಮ್ ತಿರುಚಿಗೆ ಮಣಿಯುತ್ತದೆ, ಮುಚ್ಚಿದ ಪೆಟ್ಟಿಗೆಯಾಕಾರದ್ದು ಮಣಿಯದು. ಬಾಗುವಿಕೆಯಲ್ಲಿ ಆಳದ ಲೆಕ್ಕ ಬರುತ್ತದೆ. ಅಗಲ ಹಾಗೇ ಇದ್ದು ಆಳ ಇಮ್ಮಡಿಯಾದರೆ ಗಟ್ಟಿ ಪಟ್ಟಿಯೊಂದು ಎಂಟು ಪಟ್ಟು ಬಿರುಸಾಗುತ್ತದೆ.

ನಮ್ಮ ಹಳ್ಳಿಗಳ ಕಪ್ಪು ಸೈಕಲ್‌ಗೆ ಬಂದದ್ದು ವೆಸ್ಟ್‌ವುಡ್ ಮಾದರಿಯ ಉಕ್ಕಿನ ರಿಮ್. ಬ್ರಿಟಿಷರ ದಿನಬಳಕೆಯ ಸೈಕಲ್ಲಾದ ರೋಡ್‌ಸ್ಟರ್‌ನಿಂದ ಇಳಿದುಬಂದ ಈ ಮಾದರಿಯನ್ನು 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್, 1951ರ ಸೋನೀಪತ್‌ನ ಅಟ್ಲಾಸ್, 1956ರ ಲೂಧಿಯಾನದ ಹೀರೊ ಇವರ ಸೈಕಲ್‌ಗಳು ಊರೂರಿಗೆ ಮುಟ್ಟಿಸಿದವು. ಅದರ ಎರಡೂ ಅಂಚುಗಳನ್ನು ಒಳಕ್ಕೆ ಸುರುಳಿ ಸುತ್ತಿ ಪುಟ್ಟ ಕೊಳವೆಗಳಂತೆ ಮಾಡಿರುತ್ತಾರೆ. ನಡುವಿನ ತಗ್ಗಿನಲ್ಲಿ ಕಡ್ಡಿಯ ತೂತುಗಳು ಬರುತ್ತವೆ. ಅಂಚಿನ ಆ ಸುರುಳಿಯಲ್ಲೇ ಅದರ ಜಾಣತನವಿದೆ. ತೆಳುವಾದ ಒಂದೇ ಪಟ್ಟಿಯನ್ನು ಮಡಚಿ, ಬಲ ಬೇಕಾದ ಎರಡು ತುದಿಗಳಲ್ಲಿ ಲೋಹವನ್ನು ಗುಡ್ಡೆ ಹಾಕಿದಂತಾಗುತ್ತದೆ. ಕಲ್ಲಿನ ಏಟು ಬಿದ್ದರೆ ಆ ಸುರುಳಿ ನಜ್ಜಾಗುತ್ತದೆಯೇ ಹೊರತು ಸೀಳುವುದಿಲ್ಲ, ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಸರಿಮಾಡಬಹುದು.

ಈ ರಿಮ್‌ಗೆ ಜೋಡಿಯಾಗಿ ಬಂದದ್ದು ಸರಳುಗಳ ಬ್ರೇಕು. ಅದರ ರಬ್ಬರ್ ಗಟ್ಟಿಗಳು ರಿಮ್‌ನ ಪಕ್ಕವನ್ನು ಹಿಡಿಯುವುದಿಲ್ಲ. ಹಬ್ಬಿನ ಕಡೆಗಿರುವ ಒಳಮೈಗೆ, ಕಡ್ಡಿಸಾಲಿನ ಎಡಬಲದಲ್ಲಿ, ಕೆಳಗಿನಿಂದ ಮೇಲಕ್ಕೆ ಒತ್ತುತ್ತವೆ. ಇದರ ಫಲ ದೊಡ್ಡದು. ಚಕ್ರ ಬೆಂಡಾಗಿ ಪಕ್ಕಕ್ಕೆ ಐದಾರು ಮಿ.ಮೀ. ಓಲಾಡಿದರೂ ಬ್ರೇಕು ತಾಗುವುದಿಲ್ಲ, ಸೈಕಲ್ ಓಡುತ್ತದೆ. ಪಕ್ಕವನ್ನು ಹಿಡಿಯುವ ಕ್ಯಾಲಿಪರ್ ಬ್ರೇಕಿನಲ್ಲಿ ಎರಡು ಮೂರು ಮಿ.ಮೀ. ಓಲಾಡಿದರೂ ರಬ್ಬರು ತೀಡಲು ಶುರು. ರಿಪೇರಿ ಅಂಗಡಿ ಮೈಲುಗಟ್ಟಲೆ ದೂರವಿದ್ದ ಕಾಲದ ನಾಲೆ ಏರಿಗೆ ವೆಸ್ಟ್‌ವುಡ್ ಒಗ್ಗಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಕ್ಯಾಲಿಪರ್‌ಗೆಂದು ಪಕ್ಕದ ಗೋಡೆಯನ್ನು ಚಪ್ಪಟೆ ಮಾಡಿದ್ದು ಎಂಡ್ರಿಕ್ ಮಾದರಿ. ಎರಡು ಬಗೆಯ ಬ್ರೇಕಿಗೂ ಒದಗುವ ಬೆರಕೆ ಮಾದರಿಗೆ ವೆಸ್ಟ್ರಿಕ್ ಎಂದು ಹೆಸರಾಯಿತು.

ಅಲ್ಯೂಮಿನಿಯಂ ರಿಮ್‌ಗಳಲ್ಲಿ ಒಂಟಿ ಗೋಡೆಯದ್ದು, ಜೋಡಿ ಗೋಡೆಯದ್ದು ಎಂದು ಎರಡು ಜಾತಿ. ಚಕ್ಕುಲಿ ಒರಳಿನ ಬಿಲ್ಲೆಯ ಆಕಾರದಂತೆ ಹಿಟ್ಟು ಹೊರಬರುವ ಹಾಗೆ, ಕಾಯಿಸಿದ ಲೋಹವನ್ನು ಅಚ್ಚಿನ ಕಂಡಿಯಿಂದ ಒತ್ತಿ ತೆಗೆದು, ಸುರುಳಿ ಸುತ್ತಿ, ತುಂಡರಿಸಿ ಬಳೆ ಮಾಡುತ್ತಾರೆ. ಕಂಡಿಯನ್ನು ಬದಲಿಸಿದರೆ ಯಾವ ಅಡ್ಡಕೊಯ್ತ ಬೇಕಾದರೂ ಬರುತ್ತದೆ. ಟೈರಿನ ತಳಕ್ಕೂ ಕಡ್ಡಿಯ ತೂತಿಗೂ ಒಂದೇ ಗೋಡೆ ಇದ್ದರೆ ಒಂಟಿ. ಆ ಎರಡರ ನಡುವೆ ಟೊಳ್ಳು ಬಿಟ್ಟು ಇನ್ನೊಂದು ಗೋಡೆ ಕಟ್ಟಿದರೆ ಜೋಡಿ. ಜೋಡಿ ಗೋಡೆಯ ಅಲಾಯ್ ರಿಮ್ 500ರಿಂದ 600 ಗ್ರಾಂ ತೂಗಿಯೂ, ಒಂದು ಕಿಲೋದ ಆಸುಪಾಸಿನ ಉಕ್ಕಿನ ರಿಮ್ ಹೊರುವ ಹೊರೆಯನ್ನು ಹೊರಬಲ್ಲದು. ಒಂಟಿ ಗೋಡೆಯ ಅಲಾಯ್ ಹೀಗಲ್ಲ. ಉಕ್ಕಿನ ಬಿರುಸೂ ಅದಕ್ಕಿಲ್ಲ, ಪೆಟ್ಟಿಗೆಯ ಬಲವೂ ಇಲ್ಲ. ಅಗ್ಗದ, ಗೇರಿರುವ ಸೈಕಲ್‌ಗಳಲ್ಲಿ ಹೆಚ್ಚಾಗಿ ಬರುವುದು ಇದೇ. ಹಳ್ಳಿಯ ರಸ್ತೆಗೆ ಇದಕ್ಕಿಂತ ಹಳೆಯ ಉಕ್ಕಿನ ರಿಮ್ ಎಷ್ಟೋ ವಾಸಿ. ಟ್ಯೂಬು ತೆಗೆದು ಕಡ್ಡಿಯ ತೂತಿನೊಳಗೆ ಇಣುಕಿದರೆ ಸಾಕು: ಕಡ್ಡಿಯನ್ನು ರಿಮ್‌ಗೆ ಬಿಗಿಯುವ ನಿಪ್ಪಲಿನ ತಲೆ ಟೈರಿನ ತಳದಲ್ಲೇ ಕಂಡರೆ ಒಂಟಿ, ಆಳದ ಬಾವಿಯಲ್ಲಿ ಕಂಡರೆ ಜೋಡಿ.

ಲೋಹ

ಹಿಂದೆ ಓಟದ ಸೈಕಲ್‌ಗಳಿಗೆ ಮರದ ರಿಮ್ ಇತ್ತು. ಆವಿಯಲ್ಲಿ ಬೇಯಿಸಿ ಬಾಗಿಸಿದ ಮರ ಹಗುರ, ಏಟನ್ನು ನುಂಗಿಕೊಳ್ಳುತ್ತದೆ, ಆದರೆ ನೀರು ಕುಡಿದರೆ ಸೊಟ್ಟಗಾಗುತ್ತದೆ. 1934ರ ಟೂರ್ ಡಿ ಫ್ರಾನ್ಸ್ ಗೆದ್ದ ಆಂಟೊನಿನ್ ಮಾನ್ಯೆಯ ಸೈಕಲ್‌ನಲ್ಲಿ ಮಾವಿಕ್ ಕಂಪನಿಯ ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್‌ಗಳಿದ್ದವು. ಬೇರೆಯವರಿಗೆ ಗೊತ್ತಾಗದಿರಲೆಂದು ಅವಕ್ಕೆ ಮರದ ಬಣ್ಣ ಬಳಿದಿದ್ದರು. ಅಲ್ಲಿಂದ ಓಟದ ಚಕ್ರ ಅಲ್ಯೂಮಿನಿಯಂ ಆಯಿತು, ಹೊರೆಯ ಚಕ್ರ ಉಕ್ಕಿನಲ್ಲೇ ಉಳಿಯಿತು.

ಉಕ್ಕಿನ ಸಾಂದ್ರತೆ ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು, ಬಿರುಸೂ ಸುಮಾರು ಮೂರು ಪಟ್ಟು. ಅಂದರೆ ತೂಕಕ್ಕೆ ತೂಕ ಹೋಲಿಸಿದರೆ ಎರಡರದ್ದೂ ಒಂದೇ ಬಿರುಸು. ಅಲ್ಯೂಮಿನಿಯಂಗೆ ಲಾಭವಾಗುವುದು ಅದೇ ತೂಕದಲ್ಲಿ ಆಳವಾದ, ಮುಚ್ಚಿದ ಆಕಾರ ಕೊಡಲು ಸಾಧ್ಯವಾಗುವುದರಿಂದ. ನಷ್ಟ ಲೋಹದ ದಣಿವಿನಲ್ಲಿ. ಉಕ್ಕಿಗೆ ಒಂದು ಮಿತಿಯೊಳಗಿನ ಏಟನ್ನು ಎಷ್ಟು ಸಲ ಕೊಟ್ಟರೂ ಬಿರುಕು ಬಿಡದ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ಮಳೆಗಾಲದಲ್ಲಿ ತಕ್ಕಡಿ ಮತ್ತೆ ಅಲ್ಯೂಮಿನಿಯಂ ಕಡೆ ವಾಲುತ್ತದೆ. ಒದ್ದೆಯಾದ ಕ್ರೋಮ್ ಮೈ ಮೇಲೆ ರಬ್ಬರ್ ಜಾರುತ್ತದೆ, ಬ್ರೇಕು ಹಿಡಿದ ಮೇಲೂ ಸೈಕಲ್ ಮಾರುದೂರ ಹೋಗುತ್ತದೆ. ಅಲ್ಯೂಮಿನಿಯಂ ಮೈ ನೀರಿನಲ್ಲೂ ಹಿಡಿತ ಕೊಡುತ್ತದೆ. ಕಾರ್ಬನ್ ನಾರಿನ ರಿಮ್ ಇಂದಿನ ಓಟಗಾರರದ್ದು. ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕು ಹಿಡಿದರೆ ಕಾವಿಗೆ ಅದರ ಅಂಟು ಮೆತ್ತಗಾಗುವ ಅಪಾಯವಿದೆ. ನಮ್ಮ ಬಯಲುಸೀಮೆಯ ದಿನಬಳಕೆಗೆ ಅದರ ಪ್ರಸ್ತಾಪ ಅಷ್ಟೇ ಸಾಕು.

ಬೆಸುಗೆ ಮತ್ತು ತೂತು

ಬಳೆಯ ಎರಡು ತುದಿ ಕೂಡುವ ಜಾಗ ಸಾಮಾನ್ಯವಾಗಿ ವಾಲ್ವಿನ ತೂತಿನ ಎದುರು ದಿಕ್ಕಿನಲ್ಲಿರುತ್ತದೆ. ಉಕ್ಕಿನ ರಿಮ್‌ನಲ್ಲಿ ತುದಿಗಳನ್ನು ಬೆಸೆದು, ಉಬ್ಬನ್ನು ಅರೆದು ತೆಗೆದು, ನಿಕಲ್ ಮೇಲೆ ಕ್ರೋಮ್ ಲೇಪಿಸುತ್ತಾರೆ. ಅಲಾಯ್‌ನಲ್ಲಿ ಬೆಸೆಯುವುದುಂಟು, ಇಲ್ಲವೆ ಟೊಳ್ಳಿನೊಳಗೆ ಪಿನ್ನು ಅಥವಾ ತುಂಡು ತೂರಿಸಿ ಒತ್ತಿ ಕೂಡಿಸುವುದುಂಟು. ಕಡ್ಡಿಗಳ ಹಿಂಡುವಿಕೆಯೇ ಆ ತುದಿಗಳನ್ನು ಒತ್ತಿ ಹಿಡಿದಿರುವುದರಿಂದ ಪಿನ್ನಿನ ಕೂಡು ನಿರೀಕ್ಷೆಗಿಂತ ಚೆನ್ನಾಗಿ ಬಾಳುತ್ತದೆ. ಕೂಡಿದ ಕಡೆ ಸ್ವಲ್ಪ ಏರುತಗ್ಗಿದ್ದರೆ ಮಾತ್ರ ಬ್ರೇಕು ಹಿಡಿದಾಗ ಪ್ರತಿ ಸುತ್ತಿಗೂ ಟಕ್ ಟಕ್ ಎಂದು ತಿಳಿಸುತ್ತದೆ.

ಕಡ್ಡಿಯ ತೂತು ರಿಮ್‌ನ ದುರ್ಬಲ ಜಾಗ. ಒಂದೊಂದು ತೂತಿನಲ್ಲೂ ಪೂರ್ತಿ ಎಳೆತ ನಿಪ್ಪಲಿನ ಸಣ್ಣ ತಲೆಯ ಮೂಲಕ ರಿಮ್‌ನ ತೆಳು ಗೋಡೆಗೆ ದಾಟಬೇಕು. ಅದಕ್ಕಾಗಿ ಉಕ್ಕಿನಲ್ಲಿ ತೂತಿನ ಸುತ್ತ ಗುಳಿ ಒತ್ತಿ ಗಡುಸು ಮಾಡುತ್ತಾರೆ. ಒಳ್ಳೆಯ ಅಲಾಯ್ ರಿಮ್‌ನಲ್ಲಿ ಉಂಗುರದಂಥ ಐಲೆಟ್ ಕೂರಿಸಿ ಎಳೆತವನ್ನು ಹರಡುತ್ತಾರೆ, ಜೋಡಿ ಐಲೆಟ್ ಆದರೆ ಎರಡೂ ಗೋಡೆಗೆ ಹಂಚುತ್ತಾರೆ. ಗಾಢ ಬಣ್ಣದ ದಪ್ಪ ಆನೋಡೈಸಿಂಗ್ ಮೇಲುನೋಟಕ್ಕೆ ಬಲವೆನಿಸಿದರೂ ಆ ಗಡಸು ಪದರ ಮೊದಲು ಸೀಳಿ, ಬಿರುಕನ್ನು ತೂತಿನಿಂದ ಹೊರಕ್ಕೆ ನಡೆಸುತ್ತದೆ.

ಕಡ್ಡಿ ಹೆಚ್ಚಿದ್ದಷ್ಟೂ ರಿಮ್‌ಗೆ ಸುಖ. ರೋಡ್‌ಸ್ಟರ್ ಸಂಪ್ರದಾಯದಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ. ಸವಾರನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಕ್ಕೆ ಬೀಳುತ್ತದೆ, ಕ್ಯಾರಿಯರ್ ಹೊರೆಯಂತೂ ಪೂರ್ತಿ ಅಲ್ಲೇ. 40 ಲೀಟರಿನ ಎರಡು ತುಂಬಿದ ಹಾಲಿನ ಕ್ಯಾನು ಕ್ವಿಂಟಲ್ ಹತ್ತಿರ ತೂಗುತ್ತವೆ. ಡೇರಿಗೆ ಹಾಲು ಹಾಕುವವರ ಹಿಂದಿನ ಚಕ್ರ ದಿನಕ್ಕೆರಡು ಬಾರಿ ಇದನ್ನು ಹೊತ್ತಿದೆ. ಅಲ್ಲಿ 40ರ ಬದಲು 32 ಇದ್ದಿದ್ದರೆ ಒಂದು ಕಡ್ಡಿ ಮುರಿದ ದಿನವೇ ರಿಮ್ ಸೊಟ್ಟಗಾಗಿ ನಿಲ್ಲುತ್ತಿತ್ತು. ನಲವತ್ತರಲ್ಲಿ ಒಂದು ಹೋದರೆ ಅಕ್ಕಪಕ್ಕದವು ಮನೆ ಮುಟ್ಟಿಸುತ್ತವೆ.

ತುಕ್ಕು, ಸವೆತ, ಏಟು

ಉಕ್ಕಿನ ರಿಮ್ ಹೊರಗಿನಿಂದ ಸಾಯುವುದು ಕಡಿಮೆ, ಒಳಗಿನಿಂದ ಸಾಯುತ್ತದೆ. ಗದ್ದೆಯ ನೀರು ಕಡ್ಡಿಯ ತೂತಿನಿಂದ ಇಳಿದು ಟ್ಯೂಬಿನಡಿಯ ಬಟ್ಟೆಪಟ್ಟಿಯಲ್ಲಿ ನಿಲ್ಲುತ್ತದೆ. ಆ ಪಟ್ಟಿ ವಾರಗಟ್ಟಲೆ ಒಣಗುವುದಿಲ್ಲ. ಕ್ರೋಮ್ ಹೊರಗೆ ಮಿರುಗುತ್ತಿರುವಾಗಲೇ ಒಳಗೆ ಹಾಳೆಹಾಳೆಯಾಗಿ ತುಕ್ಕು ಏಳುತ್ತಿರುತ್ತದೆ. ಗೊಬ್ಬರ ಹೊರುವ ಸೈಕಲ್‌ಗೆ ಇನ್ನೊಂದು ಶತ್ರು ಪೊಟ್ಯಾಷ್. ಕೆಂಪು ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಚೀಲದಿಂದ ಸೋರಿದ ಪುಡಿ ಹಿಂದಿನ ರಿಮ್ ಮೇಲೆ ಬಿದ್ದು ತೇವದಲ್ಲಿ ಕರಗಿದರೆ ಲೇಪದ ಸೂಕ್ಷ್ಮ ಬಿರುಕುಗಳಲ್ಲಿ ಇಳಿದು ಉಕ್ಕನ್ನು ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. ಗೊಬ್ಬರ ಇಳಿಸಿದ ದಿನ ಚಕ್ರಕ್ಕೆ ಎರಡು ಚೊಂಬು ಒಳ್ಳೆಯ ನೀರು ಹಾಕಿ ಒರೆಸಿದರೆ ರಿಮ್‌ನ ಆಯುಸ್ಸು ವರ್ಷಗಳಲ್ಲಿ ಹೆಚ್ಚುತ್ತದೆ.

ಅಲಾಯ್ ರಿಮ್‌ಗೆ ತುಕ್ಕಿಗಿಂತ ಸವೆತ ದೊಡ್ಡದು. ಮರಳು ಬ್ರೇಕಿನ ರಬ್ಬರಿನಲ್ಲಿ ಕೂತು ಅರದಂತೆ ಪಕ್ಕದ ಗೋಡೆಯನ್ನು ತೀಡುತ್ತದೆ. ಹೊಸದರಲ್ಲಿ ಒಂದೂವರೆ ಮಿ.ಮೀ. ಸುಮಾರಿರುವ ಗೋಡೆ ಒಂದಕ್ಕಿಂತ ಕೆಳಗಿಳಿದರೆ ಗಾಳಿಯ ಒತ್ತಡಕ್ಕೇ ಸೀಳಿ ಹೊರಕ್ಕೆ ಮಡಚಿಕೊಳ್ಳಬಹುದು. ಅನೇಕ ರಿಮ್‌ಗಳ ಪಕ್ಕದಲ್ಲಿ ಸಣ್ಣ ಗೆರೆಯನ್ನೋ ಚುಕ್ಕೆಗುಳಿಯನ್ನೋ ಕೊರೆದಿರುತ್ತಾರೆ. ಅದು ಮಾಯವಾದರೆ ರಿಮ್ ಮುಗಿಯಿತು ಎಂದರ್ಥ. ಗುರುತಿಲ್ಲದಿದ್ದರೆ ಗೋಡೆಯ ಮೇಲೆ ಬೆರಳಾಡಿಸಿ ನೋಡಬೇಕು. ನಡುವೆ ಬಟ್ಟಲಿನ ಹಾಗೆ ಕುಳಿಬಿದ್ದಿದ್ದರೆ ಬದಲಿಸುವ ಹೊತ್ತು.

ಏಟಿನ ವಿಷಯದಲ್ಲಿ ಗಾಳಿಯೇ ಕಾವಲು. ಹೊರೆಗೆ ತಕ್ಕಷ್ಟು ಗಾಳಿಯಿಲ್ಲದ ಟೈರು ಹಂಪಿನ ಅಂಚಿಗೆ ಬಡಿದಾಗ ಪೂರ್ತಿ ಚಪ್ಪಟೆಯಾಗಿ, ರಿಮ್‌ನ ಎರಡು ಅಂಚೂ ನೆಲಕ್ಕೆ ತಾಗುತ್ತವೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬಿದ್ದಿದ್ದರೆ ಮುಳ್ಳು ಹುಡುಕುವ ಅಗತ್ಯವಿಲ್ಲ, ರಿಮ್‌ನ ಆ ಜಾಗವನ್ನು ನೋಡಿದರೆ ನಜ್ಜು ಸಿಗುತ್ತದೆ.

ಬೆಂಡ್ ತೆಗೆಯುವುದು

ರಿಮ್‌ನ ಬಾಳಿಕೆ ಕಾರ್ಖಾನೆಯಲ್ಲಿ ಅರ್ಧ, ಸೈಕಲ್ ಶಾಪಿನಲ್ಲಿ ಅರ್ಧ ತೀರ್ಮಾನವಾಗುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚಕ್ರ ತಿರುಗಿಸಿ, ಸೀಮೆಸುಣ್ಣವನ್ನು ಫೋರ್ಕಿಗೆ ಒತ್ತಿ ಹಿಡಿದು ರಿಮ್‌ನ ಹತ್ತಿರ ತರುತ್ತಾರೆ. ಉಬ್ಬಿದ ಕಡೆ ಗೆರೆ ಬೀಳುತ್ತದೆ. ಗೆರೆ ಎಡಗಡೆ ಬಿದ್ದರೆ ಆ ಜಾಗದ ಬಲಗಡೆ ಕಡ್ಡಿಯನ್ನು ಕಾಲು ಸುತ್ತು ಬಿಗಿಯಬೇಕು, ಎಡಗಡೆಯದನ್ನು ಅಷ್ಟೇ ಸಡಿಲಿಸಬೇಕು. ಬಿಗಿಯುವುದನ್ನು ಮಾತ್ರ ಮಾಡುತ್ತ ಹೋದರೆ ಪಕ್ಕದ ಬೆಂಡು ಹೋಗಿ ಮೇಲೆಕೆಳಗಿನ ಕುಣಿತ ಬರುತ್ತದೆ, ಜತೆಗೆ ಒಂದು ಭಾಗ ಅತಿ ಬಿಗಿಯಾಗಿ ಉಳಿಯುತ್ತದೆ. ತುಕ್ಕು ಹಿಡಿದ ನಿಪ್ಪಲಿಗೆ ಒಂದು ತೊಟ್ಟು ಎಣ್ಣೆ ಹಾಕಿ ಕಾಯಬೇಕು, ಅವಸರ ಮಾಡಿದರೆ ಕಡ್ಡಿ ತಿರುಚಿ ಮುರಿಯುತ್ತದೆ.

ನೆಟ್ಟಗೆ ತಿರುಗುವ ಚಕ್ರವೆಲ್ಲ ಒಳ್ಳೆಯ ಚಕ್ರವಲ್ಲ. ಕಡ್ಡಿಗಳಲ್ಲಿ ಕೆಲವು ಅತಿ ಬಿಗಿ, ಕೆಲವು ಸಡಿಲ ಇದ್ದೂ ರಿಮ್ ನೆಟ್ಟಗಿರಬಹುದು. ಒಂದೇ ಬದಿಯ ಕಡ್ಡಿಗಳನ್ನು ಉಗುರಿನಿಂದ ಮೀಟಿ ನೋಡಿದರೆ ಕಿವಿ ತಪ್ಪು ಹೇಳದು: ದನಿ ಒಂದೇ ಸಮ ಇರಬೇಕು. ಬಲ್ಲವರು ಕಟ್ಟಿ ಮುಗಿಸಿದ ಮೇಲೆ ಜೋಡಿ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡುತ್ತ ಸುತ್ತಲೂ ಬರುತ್ತಾರೆ. ಕಡ್ಡಿಯ ಬಾಗು ಹಬ್ಬಿನಲ್ಲೂ ನಿಪ್ಪಲಿನ ತಲೆ ರಿಮ್‌ನಲ್ಲೂ ಆಗಲೇ ಕೂತುಬಿಡುತ್ತವೆ, ಒಳಗೆ ಉಳಿದ ಸೆಳೆತ ಇಳಿಯುತ್ತದೆ. ಈ ಎರಡು ನಿಮಿಷದ ಕೆಲಸ ಬಿಟ್ಟ ಹೊಸ ಚಕ್ರ ಮೊದಲ ತಿಂಗಳಲ್ಲೇ ಬೆಂಡ್ ಆಗಿ ವಾಪಸು ಬರುತ್ತದೆ.

ಸಡಿಲ ಕಡ್ಡಿ ಬಿಗಿಯ ಕಡ್ಡಿಗಿಂತ ಬೇಗ ಮುರಿಯುತ್ತದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ಕಾರಣ ದಣಿವು. ರೋಡ್‌ಸ್ಟರ್‌ನ 28 ಇಂಚಿನ ಚಕ್ರ ಕಿಲೋಮೀಟರಿಗೆ ಸುಮಾರು 450 ಸುತ್ತು ಸುತ್ತುತ್ತದೆ. ಶಾಲೆಗೆ ಹೋಗಿಬರಲು ದಿನಕ್ಕೆ 10 ಕಿ.ಮೀ. ತುಳಿಯುವ ಮಗುವಿನ ಸೈಕಲ್‌ನಲ್ಲಿ ಒಂದೊಂದು ಕಡ್ಡಿಯೂ 4,500 ಸಲ ಸಡಿಲಗೊಂಡು ಮತ್ತೆ ಬಿಗಿಯಾಗುತ್ತದೆ. 200 ಶಾಲಾ ದಿನಗಳಿಗೆ ಸುಮಾರು 9 ಲಕ್ಷ ಸಲ. ಬಿಗಿ ಸಾಕಷ್ಟಿದ್ದರೆ ಪ್ರತಿ ಸುತ್ತಿನಲ್ಲೂ ಸ್ವಲ್ಪವಷ್ಟೇ ಇಳಿದು ಏರುತ್ತದೆ. ಸಾಲದಿದ್ದರೆ ಕಡ್ಡಿ ಪೂರ್ತಿ ಸಡಿಲವಾಗಿ, ಹಬ್ಬಿನ ತೂತಿನಲ್ಲಿ ಅಲ್ಲಾಡಿ, ಬಾಗಿನಲ್ಲೇ ಕಡಿದುಕೊಳ್ಳುತ್ತದೆ.

ಶಾಲಾ ಮಕ್ಕಳ ಸೈಕಲ್

ಕರ್ನಾಟಕ ಸರ್ಕಾರ 2006-07ರಿಂದ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ 8ನೇ ತರಗತಿ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಬಸ್ಸು ಬಾರದ ಊರುಗಳ ಹೆಣ್ಣುಮಕ್ಕಳ ಓದಿಗೆ ಆ ಸೈಕಲ್‌ಗಳಿಂದಾದ ನೆರವು ದೊಡ್ಡದು. ಇಂಥ ಸೈಕಲ್‌ಗಳು ಬಿಡಿಭಾಗಗಳಾಗಿ ಲಾರಿಯಲ್ಲಿ ಬಂದು, ಒಂದೇ ಅಂಗಳದಲ್ಲಿ ನೂರಾರು ಒಟ್ಟಿಗೆ ಜೋಡಣೆಯಾಗುತ್ತವೆ. ಹಾಗೆ ಜೋಡಿಸುವಾಗ ಕಡ್ಡಿಯ ಬಿಗಿ ನೋಡಲು ಯಾರಿಗೂ ಪುರಸತ್ತು ಇರುವುದಿಲ್ಲ. ಸೈಕಲ್ ರಿಮ್‌ಗೆಂದೇ ಭಾರತೀಯ ಮಾನಕ ಬ್ಯೂರೊದ ಐಎಸ್ 624 ಇದೆ. ಅದು ರಿಮ್‌ನ ಅಳತೆ ಗುಣಗಳನ್ನು ಕಾಯಬಹುದು, ಜೋಡಿಸಿದ ಚಕ್ರದ ಬಿಗಿಯನ್ನು ಕಾಯಲಾರದು. ಹಂಚಿದ ತಿಂಗಳೊಳಗೆ ಪ್ರತಿ ಶಾಲೆಗೂ ಒಬ್ಬ ಕಸುಬುದಾರನನ್ನು ಕಳಿಸಿ ಚಕ್ರಗಳ ಬಿಗಿ ಸರಿಮಾಡಿಸುವುದು ಯಾವ ಯೋಜನೆಗೂ ಭಾರವಾಗದ ಖರ್ಚು. ಯೋಜನೆ ಮತ್ತೆ ಚಾಲ್ತಿಗೆ ಬಂದರೆ ಟೆಂಡರಿನಲ್ಲೇ ಇದನ್ನು ಸೇರಿಸಬೇಕು.

ರಿಮ್ ಬದಲಿಸುವಾಗ

ಅಂಗಡಿಯಲ್ಲಿ 22 ಇಂಚು, 24 ಇಂಚು ಎನ್ನುವುದು ದೊಡ್ಡವರ ಸೈಕಲ್‌ನ ಫ್ರೇಮಿನ ಅಳತೆ, ರಿಮ್‌ನದ್ದಲ್ಲ. ರೋಡ್‌ಸ್ಟರ್‌ನ 28×1½ ಟೈರು ಕೂರುವ ರಿಮ್‌ನ ನಿಜವಾದ ಅಡ್ಡಳತೆ 635 ಮಿ.ಮೀ. ಈಗಿನ ಹೈಬ್ರಿಡ್ ಸೈಕಲ್‌ನ 700ಸಿ ರಿಮ್ 622 ಮಿ.ಮೀ. ಅದರ ಕೆಲವು ಟೈರುಗಳ ಮೇಲೂ 28 ಎಂದೇ ಬರೆದಿರುತ್ತದೆ. ಹದಿಮೂರು ಮಿ.ಮೀ. ವ್ಯತ್ಯಾಸವನ್ನು ಯಾವ ಲಿವರಿನಿಂದಲೂ ಸರಿಗಟ್ಟಲಾಗದು. ಆದ್ದರಿಂದ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮೂರಂಕಿಯ ಆ ಸಂಖ್ಯೆಯನ್ನೇ ಹೇಳಿ ಕೇಳಬೇಕು. ಕಡ್ಡಿ ತೂತುಗಳ ಸಂಖ್ಯೆ ಹಬ್ಬಿನದ್ದಕ್ಕೆ ಸರಿಹೊಂದಬೇಕು. ಒಂಟಿ ಗೋಡೆಯ ರಿಮ್ ತೆಗೆದು ಜೋಡಿ ಗೋಡೆಯದ್ದನ್ನು ಹಾಕಿಸುವವರು ಕಡ್ಡಿಗಳನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ. ಆಳ ಹೆಚ್ಚಿದ ರಿಮ್‌ನಲ್ಲಿ ನಿಪ್ಪಲು ಹಬ್ಬಿಗೆ ಹತ್ತಿರ ಕೂರುವುದರಿಂದ ಹಳೆಯ ಕಡ್ಡಿ ಉದ್ದವಾಗಿ, ಮರೆ ಮುಗಿದು, ಎಷ್ಟು ತಿರುಗಿಸಿದರೂ ಬಿಗಿ ಏರುವುದಿಲ್ಲ. ಉಕ್ಕಿನ ರಿಮ್‌ಗೆ ಉಕ್ಕಿನದ್ದನ್ನೇ ಹಾಕುವುದಾದರೆ, ಮಾದರಿ ಅದೇ ಆಗಿದ್ದು ಕಡ್ಡಿಗಳ ಬಾಗಿನಲ್ಲಿ ಸವೆತ ಕಾಣದಿದ್ದರೆ, ಹೊಸ ರಿಮ್ಮನ್ನು ಹಳೆಯದರ ಪಕ್ಕಕ್ಕೆ ಟೇಪಿನಿಂದ ಕಟ್ಟಿ ಒಂದೊಂದೇ ಕಡ್ಡಿಯನ್ನು ಅತ್ತಿಂದಿತ್ತ ದಾಟಿಸಬಹುದು. ಹಾಗೆ ಮಾಡಿದರೆ ಹೆಣಿಗೆಯ ಕ್ರಮ ತಪ್ಪುವುದಿಲ್ಲ.